ತಪ್ಪು ರಿಷಭದಿಂದ ಮೇಷ್ಟ್ರು ಕಲಿಯುವುದು

(ಮನೆಯಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸಂಜೆ ಹೊತ್ತು ಹಾಲಿನಲ್ಲಿ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಹಾಕಿ, ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವವರು. ಆದ್ದರಿಂದ ಪೀಠಿಕೆ ಬೇಡ. ಶಿಷ್ಯರು ಮಾಡುವ ತಪ್ಪುಗಳಲ್ಲಿ ಬಹಳಷ್ಟು ಆ ಶಿಷ್ಯರ ಸ್ವಂತ ತಪ್ಪುಗಳಲ್ಲ. ಒಬ್ಬರಾದ ಮೇಲೆ ಒಬ್ಬರು, ಬೇರೆ ಬೇರೆ ಮನೆಗಳಿಂದ ಬಂದವರು, ಅದೇ ವರಸೆಯ ಅದೇ ಜಾಗದಲ್ಲಿ ಅದೇ ರೀತಿ ಎಡವುತ್ತಾರೆ. ಹಾಗಿದ್ದರೆ ಆ ಜಾಗದಲ್ಲಿ ಏನೋ ಇದೆ. ರಾಗದ ಕಟ್ಟಿನಲ್ಲಿ ಇರಬಹುದು, ತಾಳ ಹಾಕುವ ಬೆರಳಿನಲ್ಲಿ ಇರಬಹುದು, ನಮ್ಮ ಪಾಠದಲ್ಲೇ ಇರಬಹುದು. ನಾವೆಲ್ಲ ಕೇಳಿ ಕೇಳಿ ಕಲಿತವರು. ಗಂಟಲು ಏನು ಮಾಡುತ್ತಿದೆ ಎಂದು ಯೋಚಿಸದೆ ಹಾಡುತ್ತೇವೆ. ಅದನ್ನು ಬಿಡಿಸಿ ನೋಡುವ ಸಂದರ್ಭ ಬರುವುದು ಇನ್ನೊಬ್ಬರಿಗೆ ಅದು ಬಾರದಿದ್ದಾಗ ಮಾತ್ರ.

ಮೊದಲ ದಿನದ ಪಾಠವನ್ನೇ ತೆಗೆದುಕೊಳ್ಳಿ. ಪುರಂದರದಾಸರು (1484–1564) ಹಾಕಿಕೊಟ್ಟರೆಂದು ಪರಂಪರೆ ಹೇಳುವ ಕ್ರಮದಲ್ಲಿ ಆರಂಭ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಸ್ವರಗಳನ್ನು ಸಾಲಾಗಿ ಹತ್ತಿ ಇಳಿಯುವ ಅಭ್ಯಾಸ. ಮೂಲರಾಗಗಳ ಪಟ್ಟಿಯಾದ ಮೇಳಕರ್ತದಲ್ಲಿ ಈ ರಾಗ 15ನೆಯದು. ವೀಣೆಯ ಮೆಟ್ಟಿಲುಗಳಲ್ಲಿ ಎಣಿಸಿದರೆ ಷಡ್ಜದಿಂದ (ಸ) ರಿಷಭಕ್ಕೆ (ರಿ) 1 ಮೆಟ್ಟಿಲು, ರಿಷಭದಿಂದ ಗಾಂಧಾರಕ್ಕೆ (ಗ) 3, ಗಾಂಧಾರದಿಂದ ಮಧ್ಯಮಕ್ಕೆ (ಮ) 1. ಪಂಚಮದ (ಪ) ಮೇಲೂ ಅದೇ ಲೆಕ್ಕ: 1, 3, 1. ನಡುವೆ ಮಧ್ಯಮದಿಂದ ಪಂಚಮಕ್ಕೆ 2. ಹೊಸ ಮಗು ಹಾಡುವುದು ಹೀಗಲ್ಲ. ಷಡ್ಜ ಸರಿ, ಗಾಂಧಾರ ಬಹುಮಟ್ಟಿಗೆ ಸರಿ, ನಡುವಿನ ರಿಷಭ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ ಸರಿದು ಚತುಶ್ರುತಿ ರಿಷಭವಾಗಿರುತ್ತದೆ. ಮೇಲಿನ ಅರ್ಧದಲ್ಲಿ ಧೈವತಕ್ಕೂ (ಧ) ಇದೇ ಗತಿ.

ಯಾಕೆ ಹೀಗಾಗುತ್ತದೆ? ಮಗುವಿನ ಕಿವಿಯಲ್ಲಿ ಈಗಾಗಲೇ ಇರುವುದು ಶಾಲೆಯ ಪ್ರಾರ್ಥನೆ, ಸಿನಿಮಾ ಹಾಡು, ಜಾಹೀರಾತಿನ ರಾಗ. ಅವುಗಳಲ್ಲಿ ಹೆಚ್ಚಿನವು ಸಮಸಮ ಹೆಜ್ಜೆಯಲ್ಲಿ ಹತ್ತುವಂಥವು. ಒಂದು ಪುಟ್ಟ ಹೆಜ್ಜೆ, ಆಮೇಲೆ ಒಂದು ದೊಡ್ಡ ಜಿಗಿತ ಎಂಬುದು ಕಿವಿಗೆ ಹೊಸದು. ಗಾಂಧಾರ ಶ್ರುತಿಯೊಂದಿಗೆ ಚೆನ್ನಾಗಿ ಕೂಡುವುದರಿಂದ ತಾನಾಗಿ ನಿಲ್ಲುತ್ತದೆ. ಹತ್ತಿರ ಹಿಡಿಯಲು ಏನೂ ಇಲ್ಲದ ರಿಷಭ ನಡುವೆ ತೇಲುತ್ತದೆ. ಇದೇ ಮಗುವಿನಿಂದ ಅವರೋಹಣ ಹಾಡಿಸಿ ನೋಡಿ. ‘ಗ ರಿ ಸ’ ಎಂದು ಇಳಿಯುವಾಗ ರಿಷಭ ಷಡ್ಜದ ಕಡೆಗೆ ವಾಲಿ ಎಷ್ಟೋ ಸಲ ಸರಿಯಾಗಿಯೇ ಬೀಳುತ್ತದೆ. ಮದ್ದು ಅಲ್ಲೇ ಇದೆ. ರಿಷಭವನ್ನು ಕೆಳಗಿನಿಂದ ಹತ್ತಿಸುವ ಬದಲು ಮೇಲಿನಿಂದ ಇಳಿಸಿ ಕಲಿಸಬೇಕು: ಮೊದಲು ‘ಗ ರಿ ಸ’ ನಾಲ್ಕು ಸಲ, ಆಮೇಲೆ ‘ಗ ರಿ ಸ ರಿ ಸ’, ಆಮೇಲೆ ‘ಸ ರಿ ಸ’, ಕೊನೆಗೆ ‘ಸ ರಿ ಗ’. ಜೊತೆಗೆ ‘ಪ ಧ ಪ’ ಮತ್ತು ‘ಸ ರಿ ಸ’ ಒಂದೇ ಅಳತೆಯವು ಎಂದು ಬೆನ್ನುಬೆನ್ನಿಗೆ ಹಾಡಿಸಿದರೆ ಮಗುವಿಗೆ ರಾಗದ ಜೋಡಿ ಕಟ್ಟು ಹೊಳೆಯುತ್ತದೆ. ಮಾಯಾಮಾಳವಗೌಳವನ್ನೇ ಮೊದಲ ಪಾಠಕ್ಕೆ ಏಕೆ ಇಟ್ಟರು ಎಂದು ಹತ್ತು ವರ್ಷದ ಹುಡುಗಿ ಕೇಳಿದರೆ ‘ಸಂಪ್ರದಾಯ’ ಎಂದು ಬಾಯಿ ಮುಚ್ಚಿಸುವ ಬದಲು ಈ ಜೋಡಿಯನ್ನು ತೋರಿಸಬಹುದು. ಅರ್ಧ ಕಲಿತರೆ ಇನ್ನರ್ಧ ಅದೇ ಅಚ್ಚಿನಲ್ಲಿ ಸಿಗುತ್ತದೆ.

ಇಲ್ಲೇ ನಮ್ಮ ಭಾಷೆಯ ತೊಡಕೂ ಇದೆ. ರಿಷಭ ಏರಿದಾಗ ‘ಇಳಿಸು’ ಎನ್ನುತ್ತೇವೆ. ಮಗು ದನಿಯನ್ನು ಮೆಲ್ಲಗೆ ಮಾಡುತ್ತದೆ. ‘ಏರಿಸು’ ಎಂದರೆ ಜೋರಾಗಿ ಕಿರುಚುತ್ತದೆ. ಮೇಲೆ, ಕೆಳಗೆ ಎಂಬುದು ನಮಗೆ ಸ್ಥಾಯಿ, ಮಕ್ಕಳಿಗೆ ಟಿವಿಯ ವಾಲ್ಯೂಮ್. ವೀಣೆ ಕಲಿಯುವ ಮಗುವಿಗಂತೂ ‘ಮೇಲಿನ’ ಸ್ವರಕ್ಕೆ ಕೈ ಬಲಕ್ಕೆ ಸರಿಯುತ್ತದೆ, ಮೇಲಕ್ಕಲ್ಲ. ‘ಸಕ್ಕೆ ಹತ್ತಿರ ತಾ’, ‘ಗಕ್ಕೆ ಹತ್ತಿರ ಒಯ್ಯಿ’ ಎಂದರೆ ಗೊಂದಲವಿಲ್ಲ.

ಇನ್ನೊಂದು ಸಣ್ಣ ವಿಷಯ, ಬಹಳ ಜನ ಗಮನಿಸುವುದಿಲ್ಲ. ಏಳು ಸ್ವರಾಕ್ಷರಗಳಲ್ಲಿ ಐದಕ್ಕೆ ಅಕಾರ, ರಿ ಮತ್ತು ನಿ ಎರಡಕ್ಕೆ ಮಾತ್ರ ಇಕಾರ. ಇಕಾರಕ್ಕೆ ಬಾಯಿ ಕಿರಿದಾಗುತ್ತದೆ, ನಾಲಿಗೆ ಮೇಲೆದ್ದು ಕೆಲವರ ಗಂಟಲು ಬಿಗಿಯುತ್ತದೆ. ರಿ, ನಿ ಬಂದಾಗಲೆಲ್ಲ ದನಿ ಸೀಳಿದಂತೆ ಕೇಳಿದರೆ ಶ್ರುತಿಜ್ಞಾನವನ್ನು ಸಂಶಯಿಸುವ ಮೊದಲು ಅದೇ ವರಸೆಯನ್ನು ಆಕಾರದಲ್ಲಿ, ಅಂದರೆ ಸ್ವರದ ಹೆಸರು ಹೇಳದೆ ಬರೀ ‘ಆ’ ಎಂದು ಹಾಡಿಸಿ. ಆಕಾರದಲ್ಲಿ ಸರಿಯಿದ್ದರೆ ತಪ್ಪು ಬಾಯಿಯದು, ಕಿವಿಯದಲ್ಲ. ಆಕಾರದಲ್ಲೂ ತಪ್ಪಿದರೆ ಕಿವಿಯದು. ಮದ್ದು ಬೇರೆ ಬೇರೆ: ಬಾಯಿಗೆ ದವಡೆ ಸಡಿಲಿಸುವುದು, ಕಿವಿಗೆ ಹೆಚ್ಚು ಕೇಳಿಸಿ ಕಡಿಮೆ ಹಾಡಿಸುವುದು.

ಶ್ರುತಿಯ ವಿಷಯ. ಹೊಸಬರು ಬಂದ ದಿನ ನಮಗೆ ಅನುಕೂಲವಾದ ಮನೆಗೆ, ಅಂದರೆ ಷಡ್ಜದ ಎತ್ತರಕ್ಕೆ, ಅವರನ್ನು ಕೂರಿಸಿಬಿಡುವುದು ಎಲ್ಲೆಡೆ ಕಾಣುವ ರೂಢಿ. ಹೆಣ್ಣುಮಕ್ಕಳಿಗೆ ಐದು, ಐದೂವರೆ ಮನೆಯ ಆಸುಪಾಸು, ಗಂಡಸರಿಗೆ ಒಂದರಿಂದ ಎರಡರ ಆಸುಪಾಸು ಎಂಬುದು ಒಂದು ಅಂದಾಜು ಅಷ್ಟೇ. ಗುರು ಒಂದು ಮನೆಯವರು, ಶಿಷ್ಯೆ ಐದು ಮನೆಯವಳು ಎಂದುಕೊಳ್ಳಿ. ಅವಳ ತಾರಷಡ್ಜ (ಮೇಲಿನ ಸ್ಥಾಯಿಯ ಷಡ್ಜ) ಇವರ ತಾರಪಂಚಮ. ಅಲ್ಲಿ ಇವರು ಹಾಡಿ ತೋರಿಸುವಾಗ ಗಂಟಲು ಬಿಗಿಯುತ್ತದೆ, ಅವಳು ಸ್ವರದ ಜೊತೆಗೆ ಆ ಬಿಗಿತವನ್ನೂ ಕಲಿಯುತ್ತಾಳೆ. ಶಿಷ್ಯೆಯರೆಲ್ಲ ತಾರಸ್ಥಾಯಿಯಲ್ಲಿ ಕತ್ತು ಚಾಚುತ್ತಿದ್ದರೆ ಗುರುಗಳು ಒಮ್ಮೆ ಕನ್ನಡಿ ಮುಂದೆ ಹಾಡಿಕೊಂಡು ನೋಡಬೇಕು. ಅಂಥ ಕಡೆ ಪಿಟೀಲಿನಲ್ಲೋ ಕೀಬೋರ್ಡಿನಲ್ಲೋ ಸ್ವರ ಕೊಟ್ಟು, ಹಾಡುವುದನ್ನು ಅವಳಿಗೇ ಬಿಡುವುದು ಮೇಲು.

ಮನೆ ಗೊತ್ತುಮಾಡುವ ಕ್ರಮ ಸರಳ. ಗೊತ್ತಿರುವ ಯಾವುದಾದರೂ ಹಾಡನ್ನು ಶ್ರುತಿಯಿಲ್ಲದೆ ಹಾಡಲು ಹೇಳಿ, ಅವರು ತಾವಾಗಿ ಹಿಡಿದ ನೆಲೆ ಯಾವುದು ನೋಡಿ. ಅಲ್ಲಿಂದ ಅರ್ಧರ್ಧ ಮನೆ ಏರಿಸಿ ಇಳಿಸಿ ಪರೀಕ್ಷಿಸಿ. ಮಂದ್ರಪಂಚಮ (ಕೆಳಗಿನ ಸ್ಥಾಯಿಯ ಪಂಚಮ) ಕೇಳಿಸಬೇಕು, ತಾರಗಾಂಧಾರ ಚೀರಬಾರದು. ಆರೇಳು ವರ್ಷದವರಿಗೆ ಮಂದ್ರಪಂಚಮ ಇರುವುದೇ ಅಪರೂಪ, ಅದಕ್ಕಾಗಿ ಶ್ರುತಿ ಏರಿಸಿ ಮೇಲಿನ ಭಾಗವನ್ನು ಕಳೆದುಕೊಳ್ಳಬೇಡಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ, ಮಕ್ಕಳು ಬೆಳೆಯುತ್ತಾರೆ.

ಮನೆಯಲ್ಲಿ ಅಭ್ಯಾಸಕ್ಕೆ ಮೊಬೈಲಿನ ತಂಬೂರಿ ಆ್ಯಪ್ ಹಾಕುತ್ತಾರೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ನಾದ ಬರುವುದಿಲ್ಲ. ಒಂದು ಮನೆಯ ಷಡ್ಜ ಸುಮಾರು 131 ಹರ್ಟ್ಸ್. ಸ್ಪೀಕರಿನಿಂದ ಹೊರಬರುವುದು ಅದರ ಮೇಲಿನ ಪದರಗಳಷ್ಟೇ. ದೊಡ್ಡ ಹುಡುಗರು ಅದಕ್ಕೆ ದನಿಗೂಡಿಸಲು ಹೋಗಿ ಪಂಚಮವನ್ನೇ ಷಡ್ಜವೆಂದು ಹಿಡಿದು ಕೂರುವುದುಂಟು. ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಸಾಕು. ಫ್ಯಾನೂ ನಿಲ್ಲಿಸಲಿ, ಅದಕ್ಕೂ ಒಂದು ಶ್ರುತಿಯಿದೆ.

ಈಗ ತಾಳ. ಮೂರು ಕಾಲದ ಲೆಕ್ಕ ಎಲ್ಲರಿಗೂ ಗೊತ್ತು: ಒಂದು ಎಣಿಕೆಗೆ ಒಂದು ಸ್ವರ, ಎರಡು, ನಾಲ್ಕು. ನಿಮಿಷಕ್ಕೆ 60 ಎಣಿಕೆ ಇಟ್ಟರೆ ಮೂರನೇ ಕಾಲದಲ್ಲಿ 240 ಸ್ವರ. ಎರಡನೇ ತಿಂಗಳಿನ ನಾಲಿಗೆಗೆ ಅದು ಆಗದ ಮಾತು. ಮಗು ಕೈಯನ್ನು ನಿಧಾನಿಸುತ್ತದೆ, ನಾವು ‘ತಾಳ ಬಿಡಬೇಡ’ ಎನ್ನುತ್ತೇವೆ. ತಪ್ಪಿರುವುದು ನಾವು ಆರಿಸಿದ 60ರಲ್ಲಿ. ಮೂರನೇ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಮಗು ಅಕ್ಷರ ನುಂಗದೆ ಹಾಡಬಲ್ಲದ್ದು ನಿಮಿಷಕ್ಕೆ 160 ಸ್ವರ ಎಂದಾದರೆ ಎಣಿಕೆ 40. ಆಗ ಮೊದಲ ಕಾಲದಲ್ಲಿ ಎಂಟು ಎಣಿಕೆಯ ಆದಿತಾಳದ ಒಂದು ಆವರ್ತಕ್ಕೆ (ಸುತ್ತಿಗೆ) 12 ಸೆಕೆಂಡು ಬೇಕು, ಏಳು ವರ್ಷದ ಉಸಿರು ಅಲ್ಲಿವರೆಗೆ ಸಾಲದು. ಹಾಗಾಗಿ ಉಸಿರಿನ ಜಾಗವನ್ನೂ ಪಾಠದಲ್ಲೇ ಹೇಳಿಕೊಡಿ: ಲಘು (ಒಂದು ತಟ್ಟು, ಆಮೇಲೆ ಬೆರಳೆಣಿಕೆ) ಮುಗಿದ ಮೇಲೆ, ದ್ರುತದ (ಒಂದು ತಟ್ಟು, ಒಂದು ಹುಸಿ ಅಂದರೆ ಅಂಗೈ ತಿರುವು) ಮೊದಲ ತಟ್ಟಿಗೆ ಮುಂಚೆ. ಹೇಳದಿದ್ದರೆ ಅವರೇ ಒಂದು ಜಾಗ ಹುಡುಕಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಏಳನೇ ಎಣಿಕೆಯ ನಡುವೆ ಇರುತ್ತದೆ.

ಏಳು ತಾಳಗಳ ಸ್ವರಾಭ್ಯಾಸವಾದ ಸಪ್ತತಾಳ ಅಲಂಕಾರಗಳಲ್ಲಿ ಝಂಪೆಯಷ್ಟು ಕಲಿಸುವವರಿಗೆ ಕಲಿಸುವ ತಾಳ ಇನ್ನೊಂದಿಲ್ಲ. ಮಿಶ್ರ ಲಘು 7, ಅನುದ್ರುತ 1, ದ್ರುತ 2, ಒಟ್ಟು 10. ಅಲಂಕಾರ ‘ಸ ರಿ ಗ ಸ ರಿ ಸ ರಿ | ಗ | ಮ ,’. ಹುಡುಗರು ಇಲ್ಲಿ ಎರಡು ಕಡೆ ಬೀಳುತ್ತಾರೆ. ಮಿಶ್ರ ಲಘುವಿನಲ್ಲಿ ತಟ್ಟಿನ ನಂತರ ಆರು ಬೆರಳೆಣಿಕೆ: ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಐದು, ಆರನೆಯದಕ್ಕೆ ಮತ್ತೆ ಕಿರುಬೆರಳು. ಹೆಬ್ಬೆರಳು ಬಂತೆಂದರೆ ಮುಗಿಯಿತು ಎಂದು ಕೈಗೆ ಅನ್ನಿಸುತ್ತದೆ, ಆರನೆಯದು ಬಿದ್ದುಹೋಗುತ್ತದೆ. ಎರಡನೆಯದು ಅನುದ್ರುತದ ಜಾಗ. ಅದರ ಒಂದು ತಟ್ಟು, ಹಿಂದೆಯೇ ದ್ರುತದ ತಟ್ಟು. ಸಾಲಾಗಿ ಎರಡು ತಟ್ಟು ಬಂದಾಗ ಕೈ ಒಂದನ್ನು ನುಂಗುತ್ತದೆ. ಇನ್ನೂ ಮಜಾ ಎಂದರೆ ಎರಡೂ ತಪ್ಪನ್ನು ಒಟ್ಟಿಗೆ ಮಾಡಿದವರು 8 ಎಣಿಕೆಗೆ ಬಂದು, ಆದಿತಾಳದ ಅಭ್ಯಾಸ ಕೂಡಿಕೊಂಡು, ಹಾಯಾಗಿ ಹಾಡಿಕೊಂಡು ಹೋಗುತ್ತಾರೆ. ತಪ್ಪಿದ ಅರಿವೇ ಅವರಿಗಿಲ್ಲ! ಹಾಡು ನಿಲ್ಲಿಸಿ, ಬರೀ ಕೈಯಿಂದ ಹತ್ತರವರೆಗೆ ಬಾಯಲ್ಲಿ ಎಣಿಸುತ್ತಾ ಹತ್ತು ಆವರ್ತ ಹಾಕಿಸಿ. ಏಳಕ್ಕೆ ಕಿರುಬೆರಳು, ಎಂಟಕ್ಕೆ ತಟ್ಟು, ಒಂಬತ್ತಕ್ಕೆ ತಟ್ಟು, ಹತ್ತಕ್ಕೆ ಹುಸಿ. ಕೈ ಮತ್ತು ಬಾಯಿ ಎರಡನ್ನೂ ಒಂದೇ ದಿನ ಕಲಿಸಲು ಹೋದದ್ದು ನಮ್ಮ ಅವಸರ.

ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ಜಂಟಿ ವರಸೆಯಲ್ಲಿ ಎರಡನೇ ಸ್ವರಕ್ಕೆ ಕೆಳಗಿನ ಸ್ವರದಿಂದ ಒಂದು ಸಣ್ಣ ಒತ್ತು ಬೇಕು. ಅದರ ಬದಲು ‘ಸ–ಹ’ ಎಂದು ಗಾಳಿ ಬಿಡುವವರಿದ್ದರೆ ವೇಗ ಅರ್ಧಕ್ಕಿಳಿಸಿ, ಆ ಕೆಳಗಿನ ಸ್ವರವನ್ನು ಕೆಲವು ದಿನ ಬಿಡಿಸಿ ಹಾಡಿಸಿ. ಅಷ್ಟೇ ಸಾಕು.

ಗೀತೆಗೆ ಬರೋಣ. ‘ಶ್ರೀ ಗಣನಾಥ’ ಮಲಹರಿ ರಾಗ, ರೂಪಕತಾಳ. ಆರೋಹಣ ‘ಸ ರಿ ಮ ಪ ಧ ಸ’, ಅವರೋಹಣ ‘ಸ ಧ ಪ ಮ ಗ ರಿ ಸ’. ತಿಂಗಳುಗಟ್ಟಲೆ ‘ಸ ರಿ ಗ ಮ’ ಹೇಳಿದ ನಾಲಿಗೆ ಆರೋಹಣದಲ್ಲೂ ಗಾಂಧಾರ ಸೇರಿಸುತ್ತದೆ, ಇದು ಎಲ್ಲರೂ ಕಂಡದ್ದೇ. ಅದಕ್ಕಿಂತ ಸೂಕ್ಷ್ಮವಾದ ತಪ್ಪು ಮೊದಲ ಸಾಲಿನಲ್ಲಿದೆ: ‘ಮ ಪ | ಧ ಸ ಸ ರಿ’. ಗೀತೆ ಮಧ್ಯಮದಲ್ಲಿ ಎತ್ತುತ್ತದೆ. ಮಗು ಮನೆಯಲ್ಲಿ ಒಂಟಿಯಾಗಿ ಹಾಡುವಾಗ ಶ್ರುತಿಯ ಷಡ್ಜದಲ್ಲೇ ‘ಶ್ರೀ’ ಎಂದು ಎತ್ತಿಕೊಳ್ಳುತ್ತದೆ. ಆಗ ಏನಾಗುತ್ತದೆ ಲೆಕ್ಕ ಹಾಕಿ. ಮಧ್ಯಮದಿಂದ ತಾರಷಡ್ಜಕ್ಕೆ ಇರುವ ಅಂತರವೂ ಷಡ್ಜದಿಂದ ಪಂಚಮಕ್ಕೆ ಇರುವ ಅಂತರವೂ ಒಂದೇ, 7 ಮೆಟ್ಟಿಲು. ಹಾಗಾಗಿ ಮಗುವಿನ ತಾರಷಡ್ಜ ತಂಬೂರಿಯ ಪಂಚಮದ ಮೇಲೆ ಬಂದು ಕೂರುತ್ತದೆ, ಅದರ ನಂತರದ ರಿಷಭ ಶುದ್ಧ ಧೈವತದ ಮೇಲೆ. ಎಲ್ಲವೂ ಶ್ರುತಿಗೆ ಸೇರಿದಂತೆಯೇ ಕೇಳುವುದರಿಂದ ಮಗುವಿಗಾಗಲೀ ಅಡುಗೆಮನೆಯಿಂದ ಕೇಳುವ ಅಮ್ಮನಿಗಾಗಲೀ ಅನುಮಾನ ಬರುವುದಿಲ್ಲ. ವಾರ ಕಳೆದು ಪಾಠಕ್ಕೆ ಬಂದಾಗ ಆ ತಪ್ಪು ಗಟ್ಟಿಯಾಗಿ ಕೂತಿರುತ್ತದೆ.

ಇದಕ್ಕೆ ಕಾರಣ ನಮ್ಮ ಒಂದು ಒಳ್ಳೆಯ ಗುಣ. ಪ್ರತಿ ಸಲವೂ ನಾವೇ ಎತ್ತಿಕೊಡುತ್ತೇವೆ. ಷಡ್ಜದಿಂದ ಮಧ್ಯಮವನ್ನು ಹುಡುಕಿಕೊಳ್ಳುವ ಕೆಲಸ ಮಗುವಿಗೆ ಬಂದೇ ಇಲ್ಲ. ಮೊದಲ ಪಾಠದಿಂದಲೇ ‘ಸ ರಿ ಮ’ ಎಂದು ಹತ್ತಿ, ಮಧ್ಯಮದಲ್ಲಿ ನಿಂತು, ಆಮೇಲೆ ಗೀತೆ ಎತ್ತುವ ರೂಢಿ ಮಾಡಿಸಬೇಕು. ಎರಡು ವಾರದ ನಂತರ ಆ ಹತ್ತುವಿಕೆಯನ್ನು ಮನಸ್ಸಿನಲ್ಲೇ ಮಾಡಿ ನೇರ ಎತ್ತಲಿ.

ಎತ್ತಿಕೊಡುವುದರ ಅಣ್ಣ ಜೊತೆಗೆ ಹಾಡುವುದು. ಒಂದು ಗಂಟೆಯ ಪಾಠದಲ್ಲಿ ಗುರು ಸುಮ್ಮನಿದ್ದ ಹೊತ್ತು ಎಷ್ಟು ಎಂದು ಒಮ್ಮೆ ರೆಕಾರ್ಡ್ ಮಾಡಿ ನೋಡಿಕೊಳ್ಳಿ. ನಾಲ್ವರು ಮಕ್ಕಳ ಗುಂಪಿನಲ್ಲಿ ಒಬ್ಬಳು ಮುಂದೆ, ಉಳಿದ ಮೂವರು ಅವಳ ಹಿಂದೆ ಅರ್ಧ ಎಣಿಕೆ ತಡವಾಗಿ ಹಾಡುತ್ತಿರುತ್ತಾರೆ. ನಮ್ಮ ದನಿಯೂ ಸೇರಿದರೆ ಎಲ್ಲ ಮುಚ್ಚಿಹೋಗುತ್ತದೆ. ಎರಡು ಆವರ್ತ ಜೊತೆಗೆ ಹಾಡಿ, ಮೂರನೆಯದಕ್ಕೆ ಬಾಯಿ ಮುಚ್ಚಿ ಕೈ ಮಾತ್ರ ಹಾಕಿ, ನಾಲ್ಕನೆಯದಕ್ಕೆ ಕೈಯನ್ನೂ ನಿಲ್ಲಿಸಿ. ಯಾವ ಹಂತದಲ್ಲಿ ದನಿ ಸಣ್ಣದಾಯಿತೋ ಅಲ್ಲಿವರೆಗೆ ಮಾತ್ರ ಪಾಠ ಆಗಿದೆ. ಶ್ರುತಿಗೂ ಹೀಗೇ: ಎರಡು ಆವರ್ತ ಪೆಟ್ಟಿಗೆ ನಿಲ್ಲಿಸಿ ಮತ್ತೆ ಹಾಕಿ, ಎಷ್ಟು ಜಾರಿದ್ದಾರೆ ಎಂದು ಅವರೇ ಕೇಳಿಸಿಕೊಳ್ಳಲಿ.

ಗೀತೆಗಳ ನಂತರದ ಅಭ್ಯಾಸ ರಚನೆಯಾದ ವರ್ಣಕ್ಕೆ ಬಂದಾಗ ಗಮಕದ, ಅಂದರೆ ಸ್ವರವನ್ನು ತೂಗಿ ಹಾಡುವುದರ ತಾಪತ್ರಯ. ಪುಸ್ತಕದಲ್ಲಿ ‘ಮ’ ಎಂದು ಒಂದೇ ಅಕ್ಷರ ಇರುತ್ತದೆ. ಶಂಕರಾಭರಣದಲ್ಲಿ ಆ ಮಧ್ಯಮ ಗಾಂಧಾರ ಪಂಚಮಗಳ ನಡುವೆ ತೂಗುತ್ತದೆ, ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ. ಸುಬ್ಬರಾಮ ದೀಕ್ಷಿತರು 1904ರ ತಮ್ಮ ಸಂಗೀತ ಸಂಪ್ರದಾಯ ಪ್ರದರ್ಶಿನಿ ಗ್ರಂಥದಲ್ಲಿ ಗಮಕಗಳಿಗೆಂದೇ ಗುರುತುಗಳನ್ನು ಹಾಕಿದ್ದು ಅಕ್ಷರ ಮಾತ್ರ ಸಾಲದು ಎಂಬ ಕಾರಣಕ್ಕೇ. ‘ನನ್ನ ಹಾಗೆ ಹಾಡು’ ಎಂದರೆ ಕಿವಿ ಚುರುಕಾದ ಇಬ್ಬರು ಹಿಡಿಯುತ್ತಾರೆ. ಉಳಿದವರು ಸ್ವರವನ್ನು ಚಳಿಗೆ ನಡುಗಿದಂತೆ ಅಲುಗಿಸುತ್ತಾರೆ, ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಿಲ್ಲದೆ. ಅವರಿಗೆ ಆ ‘ಮ’ವನ್ನು ‘ಗ ಪ ಗ ಪ’ ಎಂದು ಎಣಿಕೆಗೆ ನಾಲ್ಕರಂತೆ, ನಿಮಿಷಕ್ಕೆ 40 ಎಣಿಕೆಯಲ್ಲಿ ಬಿಡಿಯಾಗಿ ಹಾಡಿಸಿ. ಆಮೇಲೆ ಅದನ್ನೇ ಆಕಾರದಲ್ಲಿ. ಆಮೇಲೆ ಪಂಚಮವನ್ನು ಪೂರ್ತಿ ಮುಟ್ಟದೆ ಅಂಚಿಗೆ ತಾಗಿಸಿ. ಕೊನೆಗೆ ‘ಮ’ ಎಂಬ ಹೆಸರು ಹಚ್ಚಿ. ಹೀಗೆ ಬಿಡಿಸಲು ಕೂತಾಗ, ಎಷ್ಟೋ ವರ್ಷದಿಂದ ಹಾಡುತ್ತಿದ್ದ ಸ್ವರ ಎಷ್ಟು ತೂಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಬಾರದೆ ಪೆಚ್ಚಾಗದ ಮೇಷ್ಟ್ರಿಲ್ಲ.

ದನಿ ಒಡೆಯುವ ವಯಸ್ಸಿನ ಹುಡುಗರನ್ನು ಬಹಳ ಕಡೆ ಕಳೆದುಕೊಳ್ಳುತ್ತೇವೆ. ಹನ್ನೆರಡರಿಂದ ಹದಿನೈದರ ನಡುವೆ ಗಂಟಲು ಬೆಳೆದು ಶ್ರುತಿ ಕೆಳಗೆ ಜಾರುತ್ತದೆ. ಹಳೆಯ ಮನೆಯಲ್ಲೇ ಹಾಡಿಸಿದರೆ ತಾರಸ್ಥಾಯಿಯಲ್ಲಿ ದನಿ ಕಿತ್ತುಬರುತ್ತದೆ, ಪಕ್ಕದ ಹುಡುಗಿಯರು ನಗುತ್ತಾರೆ, ಮುಂದಿನ ವಾರ ಅವನಿಗೆ ಕ್ರಿಕೆಟ್ ಇರುತ್ತದೆ. ಗುಂಪಿನಿಂದ ಬೇರೆ ಮಾಡಿ, ತಿಂಗಳಿಗೊಮ್ಮೆ ಅರ್ಧರ್ಧ ಮನೆ ಇಳಿಸುತ್ತಾ ಬನ್ನಿ. ದಿನಕ್ಕೆ ಹತ್ತು ಹದಿನೈದು ನಿಮಿಷ, ಮಧ್ಯಸ್ಥಾಯಿಯಲ್ಲಿ ಮಾತ್ರ, ಮೂರನೇ ಕಾಲ ಬೇಡ. ಉಳಿದ ಹೊತ್ತಿನಲ್ಲಿ ತಾಳ, ಸ್ವರಲಿಪಿ ಬರೆಯುವುದು, ಕೇಳಿ ರಾಗ ಗುರುತಿಸುವುದು. ಹಾಡುವುದನ್ನು ಪೂರ್ತಿ ನಿಲ್ಲಿಸಬೇಡಿ.

ನಲವತ್ತು ದಾಟಿ ಕಲಿಯಲು ಬರುವವರ ತೊಂದರೆಯೇ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಪಿಸುದನಿಯಲ್ಲಿ ಅಭ್ಯಾಸ ಮಾಡುತ್ತಾರೆ. ಗಾಳಿ ಬೆರೆತ ಅರ್ಧ ದನಿಯೇ ಅಭ್ಯಾಸವಾಗುತ್ತದೆ, ಶ್ರುತಿ ಕೆಳಗೆ ಇಳಿಯುತ್ತದೆ. ಅವರಿಗೆ ಹೇಳಬೇಕಾದ್ದು ರಾಗಲಕ್ಷಣವಲ್ಲ, ಅಭ್ಯಾಸದ ಹೊತ್ತು. ಇಡೀ ಕಟ್ಟಡದಲ್ಲಿ ಕುಕ್ಕರು ಕೂಗುವ ಬೆಳಗಿನ ಎಂಟು ಗಂಟೆ ಪ್ರಶಸ್ತ. ಕುಕ್ಕರಿಗಿಲ್ಲದ ಸಂಕೋಚ ಸರಳೆ ವರಸೆಗೆ ಏಕೆ?

ಹೊರದೇಶದ ಕನ್ನಡ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವವರು ಇಲ್ಲಿ ಹಲವರಿದ್ದೀರಿ. ಜೊತೆಗೆ ಹಾಡುವ ಚಟವನ್ನು ಬಿಡಿಸಿದ್ದು ಇದೇ. 60 ಎಣಿಕೆಯ ಮೂರನೇ ಕಾಲದಲ್ಲಿ ಒಂದು ಸ್ವರದ ಆಯಸ್ಸು ಕಾಲು ಸೆಕೆಂಡು. ದನಿ ಹೋಗಿ ಬರಲು ಕಾಲು ಸೆಕೆಂಡು ತಡವಾದರೂ ಒಂದು ಪೂರ್ತಿ ಸ್ವರ ಹಿಂದೆ ಬಿದ್ದಂತೆ. ಆದ್ದರಿಂದ ತಾಳ ಮಗುವಿನ ಕಡೆಯೇ ಇರಲಿ, ಶ್ರುತಿಯೂ ಮಗುವಿನ ಕಡೆಯೇ ಇರಲಿ. ನೀವು ಒಂದು ಸಾಲು ಹಾಡಿ ನಿಲ್ಲಿಸಿ, ಅವರು ಹಾಡಲಿ. ಜೂಮ್‌ನಂಥ ಆ್ಯಪ್‌ಗಳು ತಂಬೂರಿಯ ನಾದವನ್ನು ಗದ್ದಲವೆಂದು ತಿಳಿದು ಅಳಿಸುತ್ತವೆ. ‘ಒರಿಜಿನಲ್ ಸೌಂಡ್’ ಆನ್ ಮಾಡಿಸದಿದ್ದರೆ ಮಗು ಶ್ರುತಿ ಬಿಟ್ಟಿದೆಯೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ಸಾಹಿತ್ಯ ಬರೆದುಕೊಂಡ ಮಕ್ಕಳು ‘ಗಣನಾಥ’ವನ್ನು ‘ಗನನಾತ’ ಮಾಡುತ್ತಾರೆ. ಆ ಲಿಪಿಯಲ್ಲಿ ಣಕಾರ ನಕಾರಕ್ಕೆ ಒಂದೇ ಅಕ್ಷರವಾದ್ದರಿಂದ ಅದು ಮಗುವಿನ ತಪ್ಪಲ್ಲ. ಸಾಹಿತ್ಯವನ್ನು ಮೊದಲು ಬಾಯಿಪಾಠ ಮಾಡಿಸಿ, ಹಾಳೆ ಆಮೇಲೆ ಕೊಡಿ.

ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ಪರೀಕ್ಷೆಗೆ ಕಟ್ಟಿಸಿ ಎಂದು ತಂದೆತಾಯಿ ಅವಸರ ಮಾಡುತ್ತಾರೆ, ಒಂದೇ ವರಸೆಯಲ್ಲಿ ಎಷ್ಟು ದಿನ ನಿಲ್ಲಿಸುವುದು? ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲು ಎದುರಿಗಿರುವಾಗ ಅವಸರ ಸಹಜ. ದಿನಗಳ ಲೆಕ್ಕ ಬೇಡ. ಒಂದು ನೋಟ್‌ಬುಕ್ ಇಡಿ. ಎಡಗಡೆ ವರಸೆಯ ಹೆಸರು ಮತ್ತು ಆವರ್ತ, ಬಲಗಡೆ ಅಲ್ಲಿ ತಪ್ಪಿದವರ ಹೆಸರು, ತಾರೀಕು, ತಪ್ಪಿದ್ದು ಸ್ವರವೋ ತಾಳವೋ ಉಸಿರೋ ಎಂಬ ಒಂದು ಪದ. ಒಂದು ಆವರ್ತದ ಎದುರು ಒಂದೇ ಹೆಸರಿದ್ದರೆ ಆ ಮಗುವನ್ನು ಇನ್ನೊಂದು ವಾರ ಅಲ್ಲೇ ನಿಲ್ಲಿಸಿ. ಮೂರು ಹೆಸರು ಬಿದ್ದಿದ್ದರೆ ಮಕ್ಕಳನ್ನು ಮುಂದಕ್ಕೆ ಕಳಿಸಿ, ಆ ಆವರ್ತವನ್ನು ನೀವು ಹಾಡಿ, ರೆಕಾರ್ಡ್ ಮಾಡಿಕೊಂಡು ಕೇಳಿ.